ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸ್ಥಾಪನೆ ಮತ್ತು ಟ್ರಿನಿಡಾಡ್–ಟೊಬೇಗೊ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಎರಡನೆಯ ಮಹಾಯುದ್ಧದ ನಂತರ ಅಂತಾರಾಷ್ಟ್ರೀಯ ನ್ಯಾಯವ್ಯವಸ್ಥೆಯಲ್ಲಿ ಆದ ಪ್ರಮುಖ ಬದಲಾವಣೆಗಳನ್ನು ಸಾಮಾನ್ಯವಾಗಿ ಬಲಾಢ್ಯ ರಾಷ್ಟ್ರಗಳ ಚರಿತ್ರೆಯ ಭಾಗವಾಗಿಯೇ ಬರೆಯಲಾಗುತ್ತದೆ. ನ್ಯೂರೆಂಬರ್ಗ್ ಮತ್ತು ಟೋಕಿಯೊ ವಿಚಾರಣೆಗಳನ್ನು ನಡೆಸಿದವರು ಯುದ್ಧದಲ್ಲಿ ಗೆದ್ದವರು. ಯುಗೊಸ್ಲಾವಿಯ ಮತ್ತು ರುವಾಂಡಗಳಿಗೆ ಸಂಬಂಧಿಸಿದ ನ್ಯಾಯಮಂಡಳಿಗಳನ್ನು ಸ್ಥಾಪಿಸಿದ್ದು ಭದ್ರತಾ ಮಂಡಳಿ. ಆದರೆ ಹೇಗ್ ನಗರದಲ್ಲಿರುವ ಶಾಶ್ವತ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಹುಟ್ಟಿನ ಕಥೆ ಬೇರೆಯದು. ಮೂವತ್ತೈದು ವರ್ಷಗಳ ಕಾಲ ಕಡತದಲ್ಲಿ ಮಲಗಿದ್ದ ಈ ವಿಷಯವನ್ನು ಮತ್ತೆ ವಿಶ್ವಸಂಸ್ಥೆಯ ಮುಂದಿಟ್ಟದ್ದು ಕೆರಿಬಿಯನ್ ಸಮುದ್ರದ ಎರಡು ದ್ವೀಪಗಳ ಒಂದು ಪುಟ್ಟ ಗಣರಾಜ್ಯ.

ಟ್ರಿನಿಡಾಡ್ ಮತ್ತು ಟೊಬೇಗೊದ ಒಟ್ಟು ವಿಸ್ತೀರ್ಣ 5,128 ಚದರ ಕಿಲೋಮೀಟರ್. ಅಂದರೆ ನಮ್ಮ ಮಂಡ್ಯ ಜಿಲ್ಲೆಗಿಂತ ತುಸುವೇ ಹೆಚ್ಚು. 1989ರಲ್ಲಿ ಅದರ ಜನಸಂಖ್ಯೆ ಸುಮಾರು 12 ಲಕ್ಷ. 1962ರಲ್ಲಿ ಬ್ರಿಟನ್ನಿನಿಂದ ಸ್ವಾತಂತ್ರ್ಯ ಪಡೆದು, 1976ರಲ್ಲಿ ಗಣರಾಜ್ಯವಾದ ಈ ದೇಶದ ಬಳಿ ಗಣನೀಯವಾದ ಸೇನೆಯಾಗಲಿ, ಭದ್ರತಾ ಮಂಡಳಿಯಲ್ಲಿ ಶಾಶ್ವತ ಸ್ಥಾನವಾಗಲಿ ಇರಲಿಲ್ಲ. ಅದಕ್ಕೆ ಇದ್ದದ್ದು ಎರಡೇ ಸಾಧನಗಳು: ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಎಲ್ಲ ಸದಸ್ಯರಂತೆ ಒಂದು ಮತ, ಮತ್ತು ಕಾರ್ಯಸೂಚಿಗೆ ಹೊಸ ವಿಷಯವನ್ನು ಸೇರಿಸಬೇಕೆಂದು ಕೋರುವ ಹಕ್ಕು. ಈ ಹಕ್ಕನ್ನು ಅದು ಬಳಸಿದ ಬಗೆ, ಅದರಿಂದ ದೊರೆತ ಫಲ ಮತ್ತು ಆ ಫಲಕ್ಕೂ ಮೂಲ ಬೇಡಿಕೆಗೂ ನಡುವೆ ಉಳಿದ ಅಂತರ ಇವುಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸ್ಥಗಿತಗೊಂಡಿದ್ದ ಪ್ರಶ್ನೆ

1948ರ ಜನಾಂಗಹತ್ಯೆ ನಿಷೇಧ ಒಡಂಬಡಿಕೆಯ ಆರನೆಯ ವಿಧಿಯು, ಆರೋಪಿಗಳನ್ನು ಕೃತ್ಯ ನಡೆದ ದೇಶದ ನ್ಯಾಯಾಲಯವಾಗಲಿ ಅಥವಾ ಒಂದು ಅಂತಾರಾಷ್ಟ್ರೀಯ ದಂಡನಾ ನ್ಯಾಯಮಂಡಳಿಯಾಗಲಿ ವಿಚಾರಣೆಗೆ ಒಳಪಡಿಸಬಹುದೆಂದು ಹೇಳಿತ್ತು. ಅಂಥ ನ್ಯಾಯಮಂಡಳಿ ಆಗ ಅಸ್ತಿತ್ವದಲ್ಲಿರಲಿಲ್ಲ. ಅದರ ಸಾಧ್ಯಾಸಾಧ್ಯತೆಯನ್ನು ಪರಿಶೀಲಿಸುವ ಹೊಣೆಯನ್ನು ಸಾಮಾನ್ಯ ಸಭೆಯು ಅಂತಾರಾಷ್ಟ್ರೀಯ ಕಾನೂನು ಆಯೋಗಕ್ಕೆ ವಹಿಸಿತು. ಮಂಗಳೂರಿನಲ್ಲಿ ಜನಿಸಿದ, ಭಾರತ ಸಂವಿಧಾನದ ರಚನೆಯಲ್ಲಿ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರು ಆಯೋಗದ ಪ್ರಥಮ ಸದಸ್ಯರಲ್ಲೊಬ್ಬರು. ಆಯೋಗ ನೇಮಿಸಿದ ಇಬ್ಬರು ವರದಿಗಾರರಲ್ಲಿ ಪನಾಮದ ರಿಕಾರ್ಡೊ ಅಲ್ಫಾರೊ ನ್ಯಾಯಾಲಯದ ಪರವಾಗಿ ಅಭಿಪ್ರಾಯಪಟ್ಟರೆ, ಸ್ವೀಡನ್ನಿನ ಎಮಿಲ್ ಸಾಂಡ್‌ಸ್ಟ್ರೋಮ್ ಕಾಲ ಪಕ್ವವಾಗಿಲ್ಲವೆಂದರು. 1950ರಲ್ಲಿ ಆಯೋಗವು ಇಂಥ ನ್ಯಾಯಾಲಯ ಅಪೇಕ್ಷಣೀಯವೂ ಸಾಧ್ಯವೂ ಹೌದೆಂಬ ನಿರ್ಣಯಕ್ಕೆ ಬಂದಿತು. ಸಾಮಾನ್ಯ ಸಭೆ ನೇಮಿಸಿದ ಸಮಿತಿಗಳು 1951 ಮತ್ತು 1953ರಲ್ಲಿ ಕರಡುಗಳನ್ನೂ ಸಿದ್ಧಪಡಿಸಿದವು.

ಕೆಲಸ ಅಲ್ಲಿಗೇ ನಿಂತಿತು. ‘ಆಕ್ರಮಣ’ ಎಂಬ ಪದಕ್ಕೆ ಸರ್ವಸಮ್ಮತ ವ್ಯಾಖ್ಯೆ ದೊರೆಯುವವರೆಗೆ ನ್ಯಾಯಾಲಯದ ವಿಚಾರವನ್ನು ಮುಂದೂಡಬೇಕೆಂದು 1954ರಲ್ಲಿ ತೀರ್ಮಾನವಾಯಿತು. ಆ ವ್ಯಾಖ್ಯೆಯನ್ನು ಸಾಮಾನ್ಯ ಸಭೆ 1974ರಲ್ಲಿ ಅಂಗೀಕರಿಸಿದರೂ ನ್ಯಾಯಾಲಯದ ಪ್ರಶ್ನೆ ಮೇಲೇಳಲಿಲ್ಲ. ವ್ಯಾಖ್ಯೆಯ ಕೊರತೆ ತಾಂತ್ರಿಕ ಕಾರಣವಾಗಿತ್ತು. ನಿಜವಾದ ಅಡ್ಡಿ ಶೀತಲ ಸಮರ. ತನ್ನ ಪ್ರಜೆಗಳನ್ನು ಅನ್ಯರ ನ್ಯಾಯಪೀಠದ ಮುಂದೆ ನಿಲ್ಲಿಸುವ ಇಚ್ಛೆ ಎರಡು ಬಣಗಳಲ್ಲಿ ಯಾವುದಕ್ಕೂ ಇರಲಿಲ್ಲ. ಈ ಅವಧಿಯಲ್ಲಿ ಪ್ರಶ್ನೆಯನ್ನು ಜೀವಂತವಾಗಿಟ್ಟವರು ಸರ್ಕಾರಗಳಲ್ಲ, ಕೆಲವೇ ವಿದ್ವಾಂಸರು. ನ್ಯೂರೆಂಬರ್ಗ್ ವಿಚಾರಣೆಗಳ ಬಗ್ಗೆ ಗ್ರಂಥ ರಚಿಸಿದ ರಾಬರ್ಟ್ ವೊಯೆಟ್ಜೆಲ್ ಅವರಲ್ಲಿ ಒಬ್ಬರು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸ್ಥಾಪನೆಗಾಗಿಯೇ ಅವರು ಕಟ್ಟಿದ ಪ್ರತಿಷ್ಠಾನದಲ್ಲಿ 1970ರ ದಶಕದಿಂದ ಸಕ್ರಿಯರಾಗಿದ್ದವರು ಟ್ರಿನಿಡಾಡಿನ ರಾಜಕಾರಣಿ ಆರ್ಥರ್ ನೆಪೋಲಿಯನ್ ರೇಮಂಡ್ ರಾಬಿನ್ಸನ್.

ರಾಬಿನ್ಸನ್ ಮತ್ತು 1989ರ ಕೋರಿಕೆ

1926ರಲ್ಲಿ ಟೊಬೇಗೊ ದ್ವೀಪದಲ್ಲಿ ಜನಿಸಿದ ರಾಬಿನ್ಸನ್ ಆಕ್ಸ್‌ಫರ್ಡಿನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ಸ್ವದೇಶಕ್ಕೆ ಮರಳಿದವರು. ಎರಿಕ್ ವಿಲಿಯಮ್ಸ್ ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಅವರು 1970ರಲ್ಲಿ ಆ ಸರ್ಕಾರದಿಂದ ಹೊರಬಂದರು. 1986ರ ಡಿಸೆಂಬರಿನಲ್ಲಿ ವಿವಿಧ ವಿರೋಧಪಕ್ಷಗಳ ಒಕ್ಕೂಟವು ಮೂರು ದಶಕಗಳ ಏಕಪಕ್ಷೀಯ ಪ್ರಾಬಲ್ಯವನ್ನು ಮುರಿದಾಗ ಪ್ರಧಾನಿಯಾದರು.

ಹೊಸ ಸರ್ಕಾರದ ಮುಂದಿದ್ದ ಸಮಸ್ಯೆಗಳಲ್ಲಿ ಮಾದಕವಸ್ತುಗಳ ಕಳ್ಳಸಾಗಣೆ ಮುಖ್ಯವಾದದ್ದು. ಟ್ರಿನಿಡಾಡ್ ದ್ವೀಪಕ್ಕೂ ವೆನೆಜುವೆಲದ ಕರಾವಳಿಗೂ ನಡುವಿನ ಅತಿ ಕಿರಿದಾದ ಅಂತರ ಸುಮಾರು 11 ಕಿಲೋಮೀಟರ್ ಮಾತ್ರ. ದಕ್ಷಿಣ ಅಮೆರಿಕದಲ್ಲಿ ತಯಾರಾದ ಕೊಕೇನು ಉತ್ತರ ಅಮೆರಿಕ ಮತ್ತು ಯೂರೋಪುಗಳಿಗೆ ಸಾಗುವ ಹಾದಿಯಲ್ಲಿ ಈ ದ್ವೀಪ ಸಹಜವಾದ ತಂಗುದಾಣವಾಗಿತ್ತು. ನ್ಯಾಯಮೂರ್ತಿ ಗಾರ್ವಿನ್ ಸ್ಕಾಟ್ ಆಯೋಗದ ವರದಿಯನ್ನು ರಾಬಿನ್ಸನ್ ಸರ್ಕಾರ 1987ರಲ್ಲಿ ಬಹಿರಂಗಪಡಿಸಿದಾಗ, ಈ ವ್ಯವಹಾರದ ಬೇರುಗಳು ಪೊಲೀಸ್ ವ್ಯವಸ್ಥೆಯೊಳಕ್ಕೂ ಹಬ್ಬಿದ್ದುದು ಸಾರ್ವಜನಿಕರಿಗೆ ತಿಳಿಯಿತು.

ಇಂಥ ಸಂದರ್ಭದಲ್ಲಿ ಸಣ್ಣ ದೇಶವೊಂದರ ಮುಂದಿದ್ದ ದಾರಿಗಳು ಎರಡು. ಮೊದಲನೆಯದು, ಆರೋಪಿಗಳನ್ನು ಸ್ವದೇಶದ ನ್ಯಾಯಾಲಯದಲ್ಲಿಯೇ ವಿಚಾರಣೆಗೆ ಒಳಪಡಿಸುವುದು. ಸಾಕ್ಷಿಗಳನ್ನು ಬೆದರಿಸಬಲ್ಲ, ಅಧಿಕಾರಿಗಳನ್ನು ಕೊಳ್ಳಬಲ್ಲ ಧನಬಲದ ಎದುರು ಇದು ಕಠಿಣವಾಗಿತ್ತು. ಎರಡನೆಯದು, ಆರೋಪಿಗಳನ್ನು ಅಮೆರಿಕ ಸಂಯುಕ್ತ ಸಂಸ್ಥಾನದಂಥ ದೊಡ್ಡ ದೇಶಕ್ಕೆ ಹಸ್ತಾಂತರಿಸುವುದು. ವಸಾಹತು ಆಡಳಿತದಿಂದ ಬಿಡುಗಡೆ ಹೊಂದಿ ಮೂರು ದಶಕಗಳೂ ಕಳೆಯದ ದೇಶಕ್ಕೆ ಇದು ಸ್ವಾಭಿಮಾನದ ಪ್ರಶ್ನೆಯೂ ಆಗಿತ್ತು. ರಾಬಿನ್ಸನ್ ಸೂಚಿಸಿದ್ದು ಮೂರನೆಯ ದಾರಿ: ಎಲ್ಲ ದೇಶಗಳೂ ಪಾಲುದಾರರಾಗಿರುವ, ಯಾವ ಒಂದು ದೇಶದ ಅಂಕೆಗೂ ಒಳಪಡದ ನ್ಯಾಯಾಲಯ.

1989ರ ಆಗಸ್ಟ್ 21ರಂದು ವಿಶ್ವಸಂಸ್ಥೆಯಲ್ಲಿನ ಟ್ರಿನಿಡಾಡ್ ಮತ್ತು ಟೊಬೇಗೊದ ಕಾಯಂ ಪ್ರತಿನಿಧಿಯು ಬರೆದ ಪತ್ರವು ಈ ವಿಷಯವನ್ನು ಸಾಮಾನ್ಯ ಸಭೆಯ 44ನೆಯ ಅಧಿವೇಶನದ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರಿತು. ರಾಷ್ಟ್ರಗಳ ಗಡಿ ದಾಟಿ ನಡೆಯುವ ಮಾದಕವಸ್ತು ಕಳ್ಳಸಾಗಣೆ ಮತ್ತು ಅಂಥದೇ ಇತರ ಅಪರಾಧಗಳಿಗೆ ವ್ಯಕ್ತಿಗಳನ್ನು ಹೊಣೆ ಮಾಡುವ ನ್ಯಾಯಾಲಯವೆಂಬುದು ಕೋರಿಕೆಯ ತಿರುಳು. ಗಮನಿಸಬೇಕಾದ ಸಂಗತಿಯೆಂದರೆ, ಅದರ ಶೀರ್ಷಿಕೆಯಲ್ಲಿ ಜನಾಂಗಹತ್ಯೆಯಾಗಲಿ ಯುದ್ಧಾಪರಾಧವಾಗಲಿ ಹೆಸರಿಸಲ್ಪಟ್ಟಿರಲಿಲ್ಲ.

ಕೋರಿಕೆಯ ರೂಪಾಂತರ

1989ರ ಡಿಸೆಂಬರ್ 4ರಂದು ಸಾಮಾನ್ಯ ಸಭೆ ಅಂಗೀಕರಿಸಿದ 44/39 ಸಂಖ್ಯೆಯ ಗೊತ್ತುವಳಿಯ ಪದಪ್ರಯೋಗ ಪರಿಶೀಲನಾರ್ಹವಾಗಿದೆ. ಮಾನವಕುಲದ ವಿರುದ್ಧದ ಅಪರಾಧಗಳ ಸಂಹಿತೆಯನ್ನು ಚರ್ಚಿಸುವಾಗ, ಆ ಅಪರಾಧಗಳ ಆರೋಪ ಹೊತ್ತವರ ಮೇಲೆ, ಮಾದಕವಸ್ತು ಕಳ್ಳಸಾಗಣೆದಾರರನ್ನೂ ಒಳಗೊಂಡಂತೆ, ಅಧಿಕಾರವ್ಯಾಪ್ತಿಯುಳ್ಳ ನ್ಯಾಯಾಲಯ ಅಥವಾ ಬೇರೆ ವಿಚಾರಣಾ ವ್ಯವಸ್ಥೆಯ ಪ್ರಶ್ನೆಯನ್ನು ಪರಿಶೀಲಿಸಬೇಕೆಂದು ಅದು ಕಾನೂನು ಆಯೋಗಕ್ಕೆ ಸೂಚಿಸಿತು. ಟ್ರಿನಿಡಾಡಿನ ಕೋರಿಕೆಯಲ್ಲಿ ಮಾದಕವಸ್ತುವೇ ಕೇಂದ್ರ. ಗೊತ್ತುವಳಿಯಲ್ಲಿ ಅದು ‘ಒಳಗೊಂಡಂತೆ’ ಎಂಬ ಮಾತಿನ ಆಶ್ರಯ ಪಡೆದ ಒಂದು ಅಂಶ. ಈ ವಿಸ್ತರಣೆಯಿಂದಲೇ ಪ್ರಸ್ತಾಪ ಬಲಗೊಂಡಿತು. ಅದರ ಮೂಲ ಉದ್ದೇಶ ಅಂಚಿಗೆ ಸರಿಯತೊಡಗಿದ್ದೂ ಈ ವಿಸ್ತರಣೆಯಿಂದಲೇ.

ಆಯೋಗ ತನ್ನ ಕೆಲಸದಲ್ಲಿ ತೊಡಗಿದ್ದಾಗ ಪ್ರಪಂಚದ ಸ್ಥಿತಿ ಬದಲಾಯಿತು. ಶೀತಲ ಸಮರ ಮುಗಿಯಿತು. ಯುಗೊಸ್ಲಾವಿಯದ ಕದನಗಳ ಹಿನ್ನೆಲೆಯಲ್ಲಿ 1993ರ ಮೇ ತಿಂಗಳಲ್ಲಿ, ರುವಾಂಡದ ಜನಾಂಗಹತ್ಯೆಯ ಬಳಿಕ 1994ರ ನವೆಂಬರಿನಲ್ಲಿ ಭದ್ರತಾ ಮಂಡಳಿಯು ವಿಶೇಷ ನ್ಯಾಯಮಂಡಳಿಗಳನ್ನು ರಚಿಸಿತು. ಆಯೋಗವು 1994ರಲ್ಲಿ ಪೂರ್ಣಗೊಳಿಸಿದ ಕರಡಿನಲ್ಲಿ 1988ರ ಮಾದಕವಸ್ತು ಒಡಂಬಡಿಕೆಯ ಅಪರಾಧಗಳಿಗೆ ಸ್ಥಾನವಿತ್ತಾದರೂ, ಜಗತ್ತಿನ ಗಮನ ಸಾಮೂಹಿಕ ಹತ್ಯೆಗಳ ಕಡೆಗೆ ಹರಿದಿತ್ತು. ಮಾದಕವಸ್ತು ಪ್ರಕರಣಗಳ ಸಂಖ್ಯೆ ಅಪಾರವಾದುದರಿಂದ ಹೊಸ ನ್ಯಾಯಾಲಯ ಅವುಗಳ ಭಾರದಲ್ಲಿಯೇ ಕುಸಿದೀತು, ಅವುಗಳ ತನಿಖೆಗೆ ರಾಷ್ಟ್ರೀಯ ಸಂಸ್ಥೆಗಳೇ ಸಮರ್ಥವಾದವು ಎಂಬ ವಾದಗಳು ಬಲವಾದವು. ರಾಷ್ಟ್ರೀಯ ಸಂಸ್ಥೆಗಳು ಅಸಮರ್ಥವಾದುದರಿಂದಲೇ ಈ ಕೋರಿಕೆ ಹುಟ್ಟಿತ್ತೆಂಬುದನ್ನು ನೆನೆದರೆ, ದೊಡ್ಡ ಮತ್ತು ಸಣ್ಣ ದೇಶಗಳ ಅನುಭವದಲ್ಲಿದ್ದ ಅಂತರ ಸ್ಪಷ್ಟವಾಗುತ್ತದೆ.

1990ರ ದಂಗೆ

ಕೋರಿಕೆ ಸಲ್ಲಿಸಿದ ಮರುವರ್ಷವೇ ಅದರ ಕರ್ತೃ ಹಿಂಸಾಚಾರಕ್ಕೆ ಗುರಿಯಾದರು. 1990ರ ಜುಲೈ 27ರಂದು ಯಾಸಿನ್ ಅಬು ಬಕ್ರ್ ನೇತೃತ್ವದ ಜಮಾತ್ ಅಲ್ ಮುಸ್ಲಿಮೀನ್ ಎಂಬ ಸಶಸ್ತ್ರ ಗುಂಪು ಪೋರ್ಟ್ ಆಫ್ ಸ್ಪೇನ್ ನಗರದ ಸಂಸತ್ ಭವನವನ್ನೂ ದೂರದರ್ಶನ ಕೇಂದ್ರವನ್ನೂ ಆಕ್ರಮಿಸಿತು. ಒತ್ತೆಸೆರೆಯಲ್ಲಿದ್ದ ಪ್ರಧಾನಿಗೆ, ಸೈನ್ಯ ಹಿಂದೆ ಸರಿಯುವಂತೆ ಆಜ್ಞಾಪಿಸಬೇಕೆಂದು ಒತ್ತಾಯಿಸಲಾಯಿತು. ಅವರು ಅದಕ್ಕೆ ವಿರುದ್ಧವಾಗಿ, ಪೂರ್ಣಬಲದಿಂದ ದಾಳಿ ಮಾಡಬೇಕೆಂದು ಸೈನ್ಯಕ್ಕೆ ತಿಳಿಸಿದರು. ಅವರನ್ನು ಥಳಿಸಿ ಕಾಲಿಗೆ ಗುಂಡು ಹೊಡೆಯಲಾಯಿತು. ದಂಗೆಕೋರರು ಆರನೆಯ ದಿನ ಶರಣಾದರು.

ಬಿಕ್ಕಟ್ಟಿನ ನಡುವೆ ಹಂಗಾಮಿ ರಾಷ್ಟ್ರಪತಿ ಸಹಿ ಮಾಡಿದ್ದ ಕ್ಷಮಾದಾನ ಪತ್ರವು ಮುಂದೆ ದೀರ್ಘ ವ್ಯಾಜ್ಯಕ್ಕೆ ಕಾರಣವಾಯಿತು. 1992ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. ದೇಶದ ಅಂತಿಮ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ 1994ರಲ್ಲಿ ನೀಡಿದ ತೀರ್ಪಿನ ಪ್ರಕಾರ, ದಂಗೆಕೋರರು ಷರತ್ತನ್ನು ಪಾಲಿಸದೆ ಒತ್ತೆಯಾಳುಗಳನ್ನು ಇರಿಸಿಕೊಂಡೇ ಇದ್ದುದರಿಂದ ಕ್ಷಮಾದಾನ ಅಸಿಂಧು. ಆದರೆ ಬಿಡುಗಡೆಯಾದವರನ್ನು ಮತ್ತೆ ವಿಚಾರಣೆಗೆ ಎಳೆಯುವುದು ನ್ಯಾಯಪ್ರಕ್ರಿಯೆಯ ದುರುಪಯೋಗ. ಹೀಗೆ ಸಂಸತ್ತಿನ ಮೇಲೆ ದಾಳಿ ನಡೆದರೂ ಆ ದಂಗೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಪ್ರಕರಣ ಯಾವ ಅಂತಾರಾಷ್ಟ್ರೀಯ ನ್ಯಾಯಾಲಯದ ವ್ಯಾಪ್ತಿಗೂ ಬರುತ್ತಿರಲಿಲ್ಲವೆಂಬುದು ನಿಜ. ಆದರೂ ಸಣ್ಣ ದೇಶವೊಂದರ ನ್ಯಾಯಾಂಗ ಎಷ್ಟು ಸುಲಭವಾಗಿ ನಿರುಪಾಯ ಸ್ಥಿತಿಗೆ ತಲುಪಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿರಲಿಲ್ಲ.

ರೋಮ್ ಸಮ್ಮೇಳನ: ಪಡೆದದ್ದು ಮತ್ತು ಕಳೆದುಕೊಂಡದ್ದು

1998ರ ಜೂನ್ 15ರಿಂದ ಜುಲೈ 17ರವರೆಗೆ ರೋಮಿನಲ್ಲಿ ನಡೆದ ರಾಜತಾಂತ್ರಿಕ ಸಮ್ಮೇಳನದ ವೇಳೆಗೆ ರಾಬಿನ್ಸನ್ ದೇಶದ ರಾಷ್ಟ್ರಪತಿಯಾಗಿದ್ದರು. ಮಾದಕವಸ್ತು ಕಳ್ಳಸಾಗಣೆಯನ್ನು ನ್ಯಾಯಾಲಯದ ವ್ಯಾಪ್ತಿಗೆ ಸೇರಿಸುವ ಯತ್ನವನ್ನು ಟ್ರಿನಿಡಾಡ್ ಅಲ್ಲಿಯೂ ಮುಂದುವರಿಸಿತು. ಭಾರತ, ಶ್ರೀಲಂಕಾ ಮತ್ತು ಟರ್ಕಿಗಳಿಗೆ ಭಯೋತ್ಪಾದನೆ ಸೇರಬೇಕೆಂಬ ಆಗ್ರಹವಿತ್ತು. ಇವೆರಡು ಬೇಡಿಕೆಗಳು ಒಂದುಗೂಡಿ ಬಾರ್ಬಡೋಸ್, ಡೊಮಿನಿಕ, ಭಾರತ, ಜಮೈಕ, ಶ್ರೀಲಂಕಾ, ಟ್ರಿನಿಡಾಡ್ ಮತ್ತು ಟರ್ಕಿಗಳ ಜಂಟಿ ಪ್ರಸ್ತಾಪವಾಯಿತು. ಅದು ಅಂಗೀಕಾರವಾಗಲಿಲ್ಲ. ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧಗಳು, ಯುದ್ಧಾಪರಾಧಗಳು ಮತ್ತು ಆಕ್ರಮಣ ಈ ನಾಲ್ಕು ಮಾತ್ರ ಉಳಿದವು. ಭಯೋತ್ಪಾದನೆ ಮತ್ತು ಮಾದಕವಸ್ತು ಅಪರಾಧಗಳಿಗೆ ಸರ್ವಸಮ್ಮತ ವ್ಯಾಖ್ಯೆ ದೊರೆಯಲಿಲ್ಲವೆಂದು ವಿಷಾದಿಸಿ, ಮುಂದಿನ ಪುನರ್ವಿಮರ್ಶಾ ಸಮ್ಮೇಳನ ಈ ವಿಷಯವನ್ನು ಪರಿಶೀಲಿಸಲೆಂದು ಶಿಫಾರಸು ಮಾಡುವ ಗೊತ್ತುವಳಿಯೊಂದು ಅನುಬಂಧದಲ್ಲಿ ಸೇರಿತು.

ಮರಣದಂಡನೆಯ ವಿಷಯದಲ್ಲಿಯೂ ಕೆರಿಬಿಯನ್ ದೇಶಗಳು ಹಿನ್ನಡೆ ಅನುಭವಿಸಿದವು. ಹೊಸ ನ್ಯಾಯಾಲಯ ವಿಧಿಸಬಹುದಾದ ಗರಿಷ್ಠ ಶಿಕ್ಷೆ ಜೀವಾವಧಿ ಸೆರೆವಾಸವೆಂದು ನಿಗದಿಯಾಯಿತು. ಸಮಾಧಾನಕ್ಕಾಗಿ, ಈ ಶಿಕ್ಷಾಕ್ರಮವು ರಾಷ್ಟ್ರೀಯ ಕಾನೂನುಗಳ ಮೇಲೆ ಪರಿಣಾಮ ಬೀರುವುದಿಲ್ಲವೆಂಬ ವಿಧಿಯನ್ನು ಸೇರಿಸಲಾಯಿತು. ಕೊನೆಯಲ್ಲಿ ರೋಮ್ ಶಾಸನದ ಪರವಾಗಿ 120, ವಿರೋಧವಾಗಿ 7 ಮತಗಳು ಬಿದ್ದವು; 21 ದೇಶಗಳು ತಟಸ್ಥವಾಗಿದ್ದವು. ಪರಮಾಣು ಅಸ್ತ್ರಗಳ ಬಳಕೆಯನ್ನು ಅಪರಾಧವೆಂದು ಸೇರಿಸದಿರುವುದನ್ನೂ ಭದ್ರತಾ ಮಂಡಳಿಗೆ ನೀಡಿದ ಪಾತ್ರವನ್ನೂ ಆಕ್ಷೇಪಿಸಿದ ಭಾರತ ತಟಸ್ಥ ರಾಷ್ಟ್ರಗಳಲ್ಲೊಂದು. ಭಾರತ ಮತ್ತು ಟ್ರಿನಿಡಾಡ್ ಎರಡೂ ತಮ್ಮ ಮುಖ್ಯ ಬೇಡಿಕೆಗಳಲ್ಲಿ ಸೋತಿದ್ದವು. ಭಾರತ ಹೊರಗುಳಿಯಿತು, ಟ್ರಿನಿಡಾಡ್ ಒಳಗೆ ಸೇರಿತು. 1999ರ ಏಪ್ರಿಲ್ 6ರಂದು, ಸೆನೆಗಲ್ ನಂತರ ರೋಮ್ ಶಾಸನವನ್ನು ಸ್ಥಿರೀಕರಿಸಿದ ಎರಡನೆಯ ದೇಶ ಅದಾಯಿತು.

ಈ ನಿರ್ಧಾರದ ಮತ್ತೊಂದು ಮುಖವನ್ನು ಮರೆಮಾಚುವಂತಿಲ್ಲ. ಮರಣದಂಡನೆಯ ಜಾರಿಯನ್ನು ವಿಳಂಬಗೊಳಿಸುವ ಅಂತಾರಾಷ್ಟ್ರೀಯ ದೂರುಗಳಿಂದ ಪಾರಾಗಲೆಂದು ಇದೇ ದೇಶ ಅಮೆರಿಕ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯಿಂದ ಹೊರಬಂದಿತು. ಆ ನಿರ್ಗಮನ ಜಾರಿಗೆ ಬಂದದ್ದು 1999ರ ಮೇ 26ರಂದು. ಮರುತಿಂಗಳು ಒಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರ ನಾಯಕ ಮಾದಕವಸ್ತು ವ್ಯವಹಾರದಲ್ಲಿ ಹೆಸರಾಗಿದ್ದವನು. ಎರಡು ತಿಂಗಳ ಅಂತರದಲ್ಲಿ ಒಂದು ಅಂತಾರಾಷ್ಟ್ರೀಯ ನ್ಯಾಯಪೀಠವನ್ನು ಅಪ್ಪಿಕೊಂಡು ಮತ್ತೊಂದನ್ನು ತೊರೆದ ಈ ನಡೆಯಲ್ಲಿ ವೈರುಧ್ಯವಿದೆಯಾದರೂ ಒಂದು ತರ್ಕವೂ ಇದೆ. ಅಪರಾಧಿಗಳ ಎದುರು ರಾಜ್ಯಕ್ಕೆ ಬೆಂಬಲವಾಗಿ ನಿಲ್ಲುವ ಅಂತಾರಾಷ್ಟ್ರೀಯ ನ್ಯಾಯ ಆ ಸರ್ಕಾರಕ್ಕೆ ಬೇಕಾಗಿತ್ತು. ರಾಜ್ಯದ ಕೈಯನ್ನೇ ಹಿಡಿಯುವ ಅಂತಾರಾಷ್ಟ್ರೀಯ ನ್ಯಾಯ ಬೇಡವಾಗಿತ್ತು.

ಬೆಂಬಲದ ಬೆಲೆ

2002ರ ಜುಲೈ 1ರಂದು ರೋಮ್ ಶಾಸನ ಜಾರಿಗೆ ಬಂದಿತು. ಮರುತಿಂಗಳೇ ಅಮೆರಿಕ ಸಂಯುಕ್ತ ಸಂಸ್ಥಾನವು ತನ್ನ ಯೋಧರನ್ನು ಈ ನ್ಯಾಯಾಲಯದಿಂದ ರಕ್ಷಿಸುವ ಕಾಯಿದೆಯನ್ನು ಮಾಡಿತು. ಅಮೆರಿಕದ ಪ್ರಜೆಗಳನ್ನು ಹೇಗ್‌ಗೆ ಒಪ್ಪಿಸುವುದಿಲ್ಲವೆಂಬ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಮಾಡದ ಸದಸ್ಯರಾಷ್ಟ್ರಗಳಿಗೆ ಸೇನಾ ನೆರವು ನಿಲ್ಲುತ್ತದೆಂದು ಎಚ್ಚರಿಸಲಾಯಿತು. ಟ್ರಿನಿಡಾಡ್ ಸಹಿ ಮಾಡಲಿಲ್ಲ. 2003ರ ಜುಲೈಯಲ್ಲಿ ನೆರವು ಕಳೆದುಕೊಂಡ ದೇಶಗಳ ಪಟ್ಟಿಯಲ್ಲಿ ಅದೂ ಸೇರಿತು. ಕಳ್ಳಸಾಗಣೆಯನ್ನು ತಡೆಯಲು ಕರಾವಳಿ ಕಾವಲಿನ ತರಬೇತಿಯ ಅಗತ್ಯವಿದ್ದ ದೇಶವೇ, ಕಳ್ಳಸಾಗಣೆಯನ್ನು ವಿಚಾರಿಸದ ನ್ಯಾಯಾಲಯಕ್ಕಾಗಿ ಈ ನಷ್ಟವನ್ನು ಸಹಿಸಿತೆಂಬುದು ಈ ಚರಿತ್ರೆಯ ಅತ್ಯಂತ ಮಹತ್ವದ ಘಟ್ಟ.

ಈ ನಿಲುವು ಒಬ್ಬ ವ್ಯಕ್ತಿಯ ಹಠವಾಗಿ ಉಳಿದಿರಲಿಲ್ಲ. 1989ರ ಕೋರಿಕೆ ರಾಬಿನ್ಸನ್ ಸರ್ಕಾರದ್ದು. 1999ರ ಸ್ಥಿರೀಕರಣ ಬಾಸ್‌ದೇವ್ ಪಾಂಡೆ ಅವರ ಸರ್ಕಾರದ್ದು. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಆ ದ್ವೀಪಕ್ಕೆ ಸಾಗಿದ ಭಾರತೀಯರ ವಂಶಸ್ಥರಾದ ಪಾಂಡೆಯವರನ್ನು ರಾಬಿನ್ಸನ್ 1988ರಲ್ಲಿ ಸಂಪುಟದಿಂದ ಕೈಬಿಟ್ಟಿದ್ದರು. 2003ರಲ್ಲಿ ಒತ್ತಡಕ್ಕೆ ಮಣಿಯದಿದ್ದದ್ದು ಮತ್ತು 2006ರಲ್ಲಿ ರೋಮ್ ಶಾಸನವನ್ನು ದೇಶದ ಕಾಯಿದೆಯಾಗಿಸಿದ್ದು ಪ್ಯಾಟ್ರಿಕ್ ಮ್ಯಾನಿಂಗ್ ಅವರ ಸರ್ಕಾರ. ಪರಸ್ಪರ ವಿರೋಧಿಗಳಾದ ಮೂರು ಪಕ್ಷಗಳು ಒಂದೇ ವಿದೇಶಾಂಗ ನಿಲುವನ್ನು ಉಳಿಸಿಕೊಂಡವು. ದೇಶದ ಮಾಜಿ ಅಟಾರ್ನಿ ಜನರಲ್ ಕಾರ್ಲ್ ಹಡ್ಸನ್-ಫಿಲಿಪ್ಸ್ 2003ರ ಮಾರ್ಚ್ 11ರಂದು ಪ್ರಮಾಣವಚನ ಸ್ವೀಕರಿಸಿದ ನ್ಯಾಯಾಲಯದ ಮೊದಲ ನ್ಯಾಯಾಧೀಶರ ಸಾಲಿನಲ್ಲಿದ್ದರು. ರಾಬಿನ್ಸನ್ ಮುಂದೆ ಸಂತ್ರಸ್ತರ ನೆರವು ನಿಧಿಯ ಆಡಳಿತ ಮಂಡಳಿಯಲ್ಲಿ ಸೇವೆ ಸಲ್ಲಿಸಿ, 2014ರ ಏಪ್ರಿಲ್ 9ರಂದು ನಿಧನರಾದರು. 2009ರಲ್ಲಿ ಟ್ರಿನಿಡಾಡ್ ಮತ್ತು ಬೆಲೀಜ್ ದೇಶಗಳು ಮಾದಕವಸ್ತು ಅಪರಾಧಗಳನ್ನು ಸೇರಿಸುವ ತಿದ್ದುಪಡಿಯನ್ನು ಮತ್ತೆ ಮುಂದಿಟ್ಟವು. 2010ರ ಕಂಪಾಲ ಸಮ್ಮೇಳನ ಆಕ್ರಮಣಕ್ಕೆ ಸಂಬಂಧಿಸಿದ ವಿಧಿಗಳನ್ನು ರೂಪಿಸಿತೇ ಹೊರತು ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಲಿಲ್ಲ. ಆದರೂ ಆಕ್ರಮಣದ ತಿದ್ದುಪಡಿಗಳನ್ನು 2012ರಲ್ಲಿಯೇ ಸ್ಥಿರೀಕರಿಸಿದ ಕೆಲವೇ ದೇಶಗಳಲ್ಲಿ ಟ್ರಿನಿಡಾಡ್ ಒಂದಾಗಿತ್ತು.

ಉಪಸಂಹಾರ

ಸಣ್ಣ ರಾಷ್ಟ್ರದ ರಾಜತಾಂತ್ರಿಕ ಶಕ್ತಿಯ ಸ್ವರೂಪ ಮತ್ತು ಮಿತಿ ಎರಡನ್ನೂ ಈ ಚರಿತ್ರೆ ತೋರಿಸಿಕೊಡುತ್ತದೆ. ಪ್ರಶ್ನೆಯನ್ನು ಎತ್ತುವ ಶಕ್ತಿ ಅದಕ್ಕಿದೆ. ಉತ್ತರವನ್ನು ನಿರ್ಧರಿಸುವ ಶಕ್ತಿ ಇಲ್ಲ. ಸಕಾಲದಲ್ಲಿ ಎತ್ತಿದ ಪ್ರಶ್ನೆಯನ್ನು ಇತರರು ತಮ್ಮ ಅಗತ್ಯಗಳಿಗೆ ಅನುಗುಣವಾಗಿ ಬೆಳೆಸುತ್ತಾರೆ, ಮತ್ತು ಮೂಲ ಪ್ರಶ್ನೆ ಹಾಗೆಯೇ ಉಳಿಯಬಹುದು. ತಾನು ಕೇಳಿದ್ದು ಸಿಗದಿದ್ದರೂ ಸಿಕ್ಕಿದ್ದನ್ನು ತನ್ನದೆಂದು ಭಾವಿಸಿ ಅದರ ಪೋಷಣೆಗೆ ಬೆಲೆ ತೆತ್ತದ್ದು ಟ್ರಿನಿಡಾಡಿನ ರಾಜನೀತಿಯ ವಿಶೇಷ. 2025ರ ಆರಂಭದಲ್ಲಿ ನ್ಯಾಯಾಲಯದ ಸದಸ್ಯರಾಷ್ಟ್ರಗಳ ಸಂಖ್ಯೆ 125 ಮುಟ್ಟಿತ್ತು.

ಅದೇ ವರ್ಷದ ಎರಡು ಘಟನೆಗಳು ಹಳೆಯ ಕೋರಿಕೆಯನ್ನು ಅನಿರೀಕ್ಷಿತ ರೀತಿಯಲ್ಲಿ ನೆನಪಿಗೆ ತಂದವು. ಮಾರ್ಚ್ ತಿಂಗಳಲ್ಲಿ ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟೆರ್ಟೆ ಅವರನ್ನು ಬಂಧಿಸಿ ಹೇಗ್‌ಗೆ ಕರೆದೊಯ್ಯಲಾಯಿತು. ಮಾದಕವಸ್ತು ನಿಗ್ರಹದ ಹೆಸರಿನಲ್ಲಿ ವಿಚಾರಣೆಯಿಲ್ಲದೆ ನಡೆದ ಹತ್ಯೆಗಳಿಗೆ ಅವರು ಹೊಣೆಯೆಂಬುದು ಆರೋಪ. ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆಯು ಕೆರಿಬಿಯನ್ ಸಮುದ್ರದಲ್ಲಿ ಕಳ್ಳಸಾಗಣೆಯ ದೋಣಿಗಳೆಂದು ಹೇಳಿ ಕೆಲವು ದೋಣಿಗಳನ್ನು ಅವುಗಳಲ್ಲಿದ್ದವರ ಸಮೇತ ನಾಶಪಡಿಸತೊಡಗಿದಾಗ, ಟ್ರಿನಿಡಾಡಿನ ಪ್ರಧಾನಿ ಕಮಲಾ ಪರ್ಸಾದ್-ಬಿಸೆಸರ್ ಅದನ್ನು ಬಹಿರಂಗವಾಗಿ ಸ್ವಾಗತಿಸಿದರು. ಕಳ್ಳಸಾಗಣೆದಾರರನ್ನು ನ್ಯಾಯಪೀಠದ ಮುಂದೆ ನಿಲ್ಲಿಸಲು ಒಂದು ವ್ಯವಸ್ಥೆ ಬೇಕೆಂದು 1989ರಲ್ಲಿ ಕೇಳಿದ್ದ ದೇಶಕ್ಕೆ ಆ ವ್ಯವಸ್ಥೆ ದೊರೆಯಲಿಲ್ಲ. ದೊರೆಯದಿದ್ದಾಗ ಆ ಸ್ಥಾನವನ್ನು ಏನು ತುಂಬಬಲ್ಲದೆಂಬುದನ್ನು ಮೂವತ್ತಾರು ವರ್ಷಗಳ ನಂತರ ಅದೇ ಕಡಲು ತೋರಿಸಿತು. ರಾಬಿನ್ಸನ್ ಅವರ ಕೋರಿಕೆಯಲ್ಲಿ ಈಡೇರದೆ ಉಳಿದ ಭಾಗವನ್ನು ಕೇವಲ ಪ್ರಾದೇಶಿಕ ಬೇಡಿಕೆಯೆಂದು ಬದಿಗಿಡದೆ, ಅಂತಾರಾಷ್ಟ್ರೀಯ ಅಪರಾಧ ನ್ಯಾಯದ ಚರಿತ್ರೆಯ ಅಪೂರ್ಣ ಅಧ್ಯಾಯವೆಂದು ಅಧ್ಯಯನ ಮಾಡುವುದು ಅಗತ್ಯವಾಗಿದೆ.